ಸಾಣೆಯವನ ಎಂಜಿನ್

ಮದುವೆಯಾಗಿ ಬಂದ ಹೊಸತರಲ್ಲಿ ಸಾಣೆಯವನ ಹೆಂಡತಿಗೆ ಒಂದು ಹೆಮ್ಮೆಯಿತ್ತು. ಇಡೀ ಬೀದಿಯಲ್ಲಿ ನಿಂತಲ್ಲೇ ನಿಂತು ದುಡಿಯುವ ಬೈಕು ಇದ್ದದ್ದು ತನ್ನ ಗಂಡನಿಗೆ ಮಾತ್ರ. ಬೇರೆಯವರ ಬೈಕು ಊರು ಸುತ್ತಿ, ಪೆಟ್ರೋಲು ಕುಡಿದು, ಸಂಜೆ ಬಂದು ಗೋಡೆ ಪಕ್ಕ ಬಿದ್ದುಕೊಳ್ಳುತ್ತಿತ್ತು. ಇವರದು ದರ್ಜಿಗಳ ಬೀದಿಗೋ ಮಾಂಸದಂಗಡಿಗಳ ಸಾಲಿಗೋ ಹೋಗಿ ಸ್ಟ್ಯಾಂಡ್ ಹಾಕಿಕೊಂಡು ನಿಲ್ಲುತ್ತಿತ್ತು. ಹಿಂದಿನ ಚಕ್ರ ನೆಲ ಬಿಟ್ಟು ತಿರುಗುತ್ತಿತ್ತು. ಆ ಚಕ್ರಕ್ಕೆ ಸಿಕ್ಕಿಸಿದ ಬೆಲ್ಟು ಹಿಂದೆ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿದ ಸಾಣೆಕಲ್ಲನ್ನು ತಿರುಗಿಸುತ್ತಿತ್ತು. ಎರಡು ಕೈಯೂ ಕತ್ತರಿಯ ಮೇಲಿರಬೇಕಾದ್ದರಿಂದ ಗಂಡ ಆಕ್ಸಿಲರೇಟರನ್ನು ಬೇಕಾದಷ್ಟು ತಿರುಗಿಸಿ, ಹಳೇ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದು ಕಟ್ಟುತ್ತಿದ್ದ. ಎಷ್ಟು ತಿರುಗಿಸಬೇಕು ಅನ್ನುವುದಕ್ಕೆ ಗುರುತಿಲ್ಲ, ಮುಳ್ಳಿಲ್ಲ. ಎಂಜಿನ್ ಒಂದು ಹದಕ್ಕೆ ಬಂದು ಗುಂಯ್ ಅನ್ನಬೇಕು, ಅಷ್ಟೇ. ಆ ಗುಂಯ್ ಅವನಿಗೊಬ್ಬನಿಗೇ ಗೊತ್ತು ಎಂದು ಬೀದಿಯವರು ಹೇಳುತ್ತಿದ್ದರು.

ಸಂಜೆ ಅವನು ತರುತ್ತಿದ್ದ ಚೀಲದಲ್ಲಿ ದರ್ಜಿಗಳ ಕತ್ತರಿಗಳಿರುತ್ತಿದ್ದವು. ಅವುಗಳ ಕೊನೆಯ ಕೆಲಸ ಅವಳದು. ಕೈಕಲ್ಲಿಗೆ ಎಣ್ಣೆ ಬಿಟ್ಟುಕೊಂಡು ಅಂಚಿನಲ್ಲಿ ಉಳಿದ ಒರಟನ್ನು ತೀಡಿ ತೆಗೆದು, ಒದ್ದೆ ಬಟ್ಟೆಯ ಮೇಲೆ ಕತ್ತರಿಸಿ ನೋಡಬೇಕು. ಒಣಬಟ್ಟೆಯನ್ನು ಯಾವ ದರಿದ್ರ ಕತ್ತರಿಯಾದರೂ ಕತ್ತರಿಸುತ್ತದೆ. ಒದ್ದೆ ಬಟ್ಟೆಯನ್ನು ತುದಿಯವರೆಗೂ ಎಳೆಯದೆ, ಕಚ್ಚದೆ ಕತ್ತರಿಸಿದರೆ ಆಗ ಅದು ಸಾಣೆ.

ಹೆಮ್ಮೆ ಯಾವತ್ತೋ ಸವೆದುಹೋಗಿತ್ತು. ಈಗ ಅವಳಿಗೆ ಉಳಿದದ್ದು ಸೊಂಟನೋವು, ಉಗುರಿನ ಸಂದಿಯ ಕಪ್ಪೆಣ್ಣೆ ಮತ್ತು ಕರೆದರೆ ತಿರುಗಿ ನೋಡದ ಗಂಡ.

ಈ ಕೊನೆಯದೇ ಅವಳಿಗೆ ಹೆಚ್ಚು ಉರಿಯುತ್ತಿತ್ತು. ಅದಕ್ಕೆ ಕಾರಣ ಅತ್ತೆ. ಅತ್ತೆ ಮಗ್ಗದ ಕಾರ್ಖಾನೆಯಲ್ಲಿ ಅರ್ಧ ಆಯಸ್ಸು ಕಳೆದವಳು. ಅಲ್ಲಿಯ ಗದ್ದಲದಲ್ಲಿ ಪಕ್ಕದವಳನ್ನು ಊಟ ಆಯಿತಾ ಎಂದು ಕೇಳಬೇಕಾದರೂ ಕೂಗಿಯೇ ಕೇಳಬೇಕಿತ್ತಂತೆ. ಕಾರ್ಖಾನೆ ಬಿಟ್ಟರೂ ಆ ಗಂಟಲು ಬಿಡಲಿಲ್ಲ. ಅತ್ತೆ ಮನೆಯಲ್ಲಿ ಒಂದು ಗುಟ್ಟು ಹೇಳಿದರೆ ಮರುದಿನ ಎದುರುಮನೆಯವರು ಬಂದು ಸಲಹೆ ಕೊಡುತ್ತಿದ್ದರು. ಈ ಅತ್ತೆ ಒಳಗಿನಿಂದ "ಮಗಾ" ಅಂದರೆ ಸಾಕು, ಮಗ ಕುಡಿಯುತ್ತಿದ್ದ ಟೀ ಕೆಳಗಿಟ್ಟು ಎದ್ದುಹೋಗುತ್ತಿದ್ದ. ಅದೇ ಒಳಗಿನಿಂದ ಹೆಂಡತಿ ಮತ್ತೆ ಮತ್ತೆ "ರೀ" ಅಂದರೂ ಅವನು ಗೋಡೆ ನೋಡುತ್ತ ಕೂತಿರುತ್ತಿದ್ದ. ಅಮ್ಮನ ಮಗ ಎಂದು ಅವಳು ತೀರ್ಮಾನ ಮಾಡಿ ಕರೆಯುವುದನ್ನೇ ಬಿಟ್ಟಿದ್ದಳು. ಊಟಕ್ಕೆ ಕರೆಯಬೇಕಾದರೆ ಮಗಳನ್ನು ಕಳಿಸುವಳು, ಇಲ್ಲವೇ ತಟ್ಟೆ ತಂದು ಅವನೆದುರು ಕುಕ್ಕುವಳು.

ಎಂಜಿನ್ ಕೈಕೊಟ್ಟ ದಿನ ಅವನು ಕಲ್ಲು, ಚೌಕಟ್ಟು, ಚೀಲ ಎಲ್ಲ ಹೊತ್ತ ಬೈಕನ್ನು ಮಾರುಕಟ್ಟೆಯಿಂದ ಮನೆಯವರೆಗೆ ತಳ್ಳಿಕೊಂಡು ಬಂದ. ಅಂಗಿ ಮೈಗೆ ಅಂಟಿತ್ತು. ಕೈಕಾಲು ತೊಳೆದು, ಯಾರ ಮುಖವನ್ನೂ ನೋಡದೆ ಊಟಕ್ಕೆ ಕೂತ. ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ. ಅತ್ತೆ ಏನಾಯಿತು ಎಂದು ಕೇಳಿದಳು. ನಿಂತುಹೋಯಿತು ಅಂದ.

"ನಿಲ್ಲದೆ ಇನ್ನೇನು," ಅಂದಳು ಮಗಳು. ಅವಳು ದರ್ಜಿಗಳ ಬೀದಿಯಲ್ಲೇ ಒಂದು ಅಂಗಡಿಯಲ್ಲಿ ಹೊಲಿಗೆಗೆ ಹೋಗುತ್ತಿದ್ದವಳು, ಅಪ್ಪನ ಬೈಕಿನ ಸದ್ದು ದಿನವೂ ಅವಳ ಕಿಟಕಿಗೇ ಬರುತ್ತಿತ್ತು. "ತಿಂಗಳಿಂದ ಒಳಗೆ ಕಟಕಟ ಅಂತಿತ್ತು. ಹೇಳಿದೆ, ಹೇಳಿದೆ, ಸಾಕಾಯ್ತು."

ಅವನು ಅನ್ನ ಕಲಸುತ್ತಲೇ ಇದ್ದ.

"ಮಗಳು ಹೇಳಿದ್ದಳಂತೆ ರೀ," ಹೆಂಡತಿ ಸೌಟನ್ನು ಪಾತ್ರೆಗೆ ಬಡಿದು ಅಂದಳು. "ಇಲ್ಲಿ ಕೂತಿರೋರು ಮನುಷ್ಯರೇ."

ಸೌಟಿನ ಸದ್ದಿಗೆ ಅವನು ತಲೆಯೆತ್ತಿದ. "ಅದಕ್ಕೆ ದಮ್ಮಿಲ್ಲ," ಅಂದ. "ವರ್ಷದಿಂದ ಅದರ ದನೀನೇ ಇಳಿದುಹೋಗಿದೆ. ಎಷ್ಟು ಎಳೆದರೂ ಮೇಲೆ ಬರಲ್ಲ."

ಮಗಳು ಅಮ್ಮನ ಮುಖ ನೋಡಿದಳು. ಆ ಬೈಕಿನ ಸದ್ದಿಗೆ ಅಂಗಡಿಯವರೆಲ್ಲ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಆದರೆ ದಣಿದು ಬಂದ ಅಪ್ಪನ ಜೊತೆ ಯಾರು ವಾದ ಮಾಡುತ್ತಾರೆ ಎಂದು ಅವಳು ಸುಮ್ಮನಾದಳು.

ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಬೈಕನ್ನು ಗ್ರೀಸಣ್ಣನ ಗ್ಯಾರೇಜಿಗೆ ತಳ್ಳಿದರು. ಗ್ರೀಸಣ್ಣನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಏನೋ ಇದ್ದಿರಬೇಕು, ಅದನ್ನು ಕೇಳಿದವರಿಲ್ಲ. ಅವನು ಎಂಜಿನ್ ಬಿಚ್ಚಿ, ಪಿಸ್ಟನನ್ನು ಬಟ್ಟೆಯಲ್ಲಿ ಒರೆಸಿ ಅವಳ ಅಂಗೈಗೆ ಕೊಟ್ಟ. ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೆರೆಗಳಿದ್ದವು. ದಾರಿ ಎರಡು ಅಂದ. ಸವೆದ ಸಿಲಿಂಡರಿನ ಒಳಮೈ ಕೊರೆಸಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದರೆ ಓಡುತ್ತದೆ, ಆದರೆ ಉಳಿದದ್ದೆಲ್ಲ ಹಳೆಯದೇ, ಎಷ್ಟು ದಿನ ಅಂತ ಮಾತು ಕೊಡುವುದಿಲ್ಲ. ಇಲ್ಲವೇ ಅಪಘಾತದಲ್ಲಿ ಮುರಿದುಬಿದ್ದ ಒಂದು ಬೈಕಿನ ಎಂಜಿನ್ ತನ್ನಲ್ಲಿದೆ, ಹೆಚ್ಚು ಓಡಿದ್ದಲ್ಲ, ಅದನ್ನೇ ಇಡಿಯಾಗಿ ಕೂರಿಸಬಹುದು. ಎರಡನೆಯದಕ್ಕೆ ಮೊದಲಿನದರ ಮೂರರಷ್ಟು ದುಡ್ಡು.

"ಇನ್ನೊಂದು ಮಾತು ಅಕ್ಕಾ," ಅಂದ ಗ್ರೀಸಣ್ಣ. "ನಿಂತಲ್ಲೇ ಓಡೋ ಎಂಜಿನ್ನಿಗೆ ಗಾಳಿ ಸಿಗಲ್ಲ. ಮೆಲ್ಲಗೆ ಇಟ್ಕೊಂಡರೆ ಹೆಂಗೋ ಬದುಕುತ್ತೆ. ಇವರು ಅದರ ಪ್ರಾಣ ಹಿಂಡಿದಾರೆ."

ಅವಳು ಗಂಡನ ಕಡೆ ತಿರುಗಿದಳು. ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ. ಕೇಳಿದಿರಾ ಎಂದು ತೋಳು ಮುಟ್ಟಿದಾಗ ಹೂಂ ಅಂದ. ಎಲ್ಲದಕ್ಕೂ ಅವನದು ಹೂಂ. ಮನೆ ಬಿದ್ದುಹೋಯಿತು ಅಂದರೂ ಹೂಂ ಅನ್ನುವವನೇ ಎಂದು ಅವಳಿಗೆ ಸಿಟ್ಟು ಬಂತು.

ಆ ವಾರವೆಲ್ಲ ಮನೆಯಲ್ಲಿ ಅದೇ ಮಾತು. ಮಗಳು ಹಳೆಯದನ್ನು ಗುಜರಿಗೆ ಹಾಕಿ ಅಂದಳು. ಎರಡು ಸಲ ಖರ್ಚು ಮಾಡುವುದಕ್ಕಿಂತ ಒಂದೇ ಸಲ ಸಾಯುವುದು ವಾಸಿ ಅಂದಳು. ಸ್ವಂತಕ್ಕೊಂದು ಹೊಲಿಗೆ ಮಷೀನು ಕೊಳ್ಳಬೇಕೆಂದು ಅವಳು ಕೂಡಿಡುತ್ತಿದ್ದ ಹಣವೇ ಈ ಮನೆಯಲ್ಲಿ ಕೈಗೆಟಕುವ ಹಣ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅವಳು ಹಾಗೆ ಅಂದಾಗಲೆಲ್ಲ ಅಮ್ಮ ಎದ್ದು ಒಲೆಯ ಕಡೆ ಹೋಗುತ್ತಿದ್ದಳು. ಅವನು ಮಾತ್ರ ರಿಪೇರಿಯೇ ಆಗಲಿ ಎಂದು ಪಟ್ಟು ಹಿಡಿದ.

"ಅದರ ಹದ ನನ್ನ ಕೈಗೆ ಗೊತ್ತು," ಅಂದ. "ಹೊಸ ಎಂಜಿನ್ನಿನ ದನಿ ನಂಗೆಲ್ಲಿ ಗೊತ್ತಾಗುತ್ತೆ?"

ಅತ್ತೆ ಯಾವ ಕಡೆಗೂ ಸೇರಲಿಲ್ಲ. ಎಲೆಕೋಸು ಹೆಚ್ಚುತ್ತ ಕೂತವಳು, "ಯಾವುದು ತಂದರೂ ಅಷ್ಟೇ," ಅಂದಳು. ಅವಳ ಮಟ್ಟಿಗೆ ಅದು ಪಿಸುಮಾತು, ಎದುರುಮನೆಗೆ ಮಾತ್ರ ಕೇಳಿಸಲಿಲ್ಲ.

ಮಗಳ ಹಣ ಉಳಿಯಲಿ ಎಂದು ಹೆಂಡತಿ ಗಂಡನ ಪಕ್ಷ ವಹಿಸಿದಳು. ರಿಪೇರಿ ಎಂದಾಯಿತು.

ಬೋರ್ ಮಾಡಿಸಿಕೊಂಡು ಬರುವವರೆಗೆ ಗಂಡ ಮನೆಯಲ್ಲಿ ಉಳಿದ. ಗಂಡಸು ಹಗಲಿಡೀ ಮನೆಯಲ್ಲಿದ್ದರೆ ಮನೆ ಎಷ್ಟು ಚಿಕ್ಕದು ಎಂದು ಗೊತ್ತಾಗುತ್ತದೆ. ಒಂದೇ ಕೋಣೆ, ಅದಕ್ಕೆ ಅಂಟಿದ ಅಡುಗೆಮನೆ, ಹಿಂದೆ ನಾಲ್ಕು ಬಟ್ಟೆ ಒಣಗಿಸುವಷ್ಟು ಅಂಗಳ. ಎಲ್ಲಿ ಕಾಲಿಟ್ಟರೂ ಅವನೇ ಸಿಗುತ್ತಿದ್ದ. ಸೋರುವ ನಲ್ಲಿ ಸರಿಮಾಡುತ್ತೇನೆಂದು ಕೂತು, ನೀರು ಪೂರಾ ಬರದ ಹಾಗೆ ಸರಿಮಾಡಿದ. ಆಲೂಗಡ್ಡೆ ಸುಲಿಯಲು ಕೊಟ್ಟರೆ ಚಾಕುವಿನ ಅಂಚನ್ನೇ ನೋಡುತ್ತ ಕೂರುತ್ತಿದ್ದ. ತುರ್ತಿನ ಕತ್ತರಿಗಳನ್ನು ಅವಳು ಒರಟು ಕೈಕಲ್ಲಿನ ಮೇಲೆ ಮೊದಲಿನಿಂದ ಕೊನೆಯವರೆಗೆ ತಾನೇ ಉಜ್ಜಿದಳು. ಒಂದೊಂದಕ್ಕೆ ಅರ್ಧ ದಿನ. ಸಂಜೆಗೆ ಹೆಗಲು ಮರಗಟ್ಟಿ ಅನ್ನದ ಪಾತ್ರೆ ಇಳಿಸಲೂ ಆಗುತ್ತಿರಲಿಲ್ಲ. ಪಾತ್ರೆಯಲ್ಲೂ ಇಳಿಸುವಂಥದ್ದೇನೂ ಹೆಚ್ಚಿರುತ್ತಿರಲಿಲ್ಲ ಅನ್ನಿ, ಬೇಳೆ ದಿನದಿಂದ ದಿನಕ್ಕೆ ನೀರಾಗುತ್ತಿತ್ತು. ಅತ್ತೆ ತನ್ನ ತಟ್ಟೆಯ ಆಲೂಗಡ್ಡೆಯನ್ನು ಮೊಮ್ಮಗಳ ತಟ್ಟೆಗೆ ಹಾಕಿ, ಹಲ್ಲಿಗೆ ಆಗಲ್ಲ ಅನ್ನುತ್ತಿದ್ದಳು. ಆಲೂಗಡ್ಡೆಗೆ ಹಲ್ಲು ಯಾತಕ್ಕೆ ಎಂದು ಯಾರೂ ಕೇಳಲಿಲ್ಲ.

ಬೈಕು ಬಂತು, ಓಡಿತು, ಮನೆಯವರು ಉಸಿರುಬಿಟ್ಟರು. ಆದರೆ ಚೀಲದಲ್ಲಿ ಬಂದ ಕತ್ತರಿಗಳನ್ನು ಬೆಳಕಿಗೆ ಹಿಡಿದಾಗ ಅವಳ ಹುಬ್ಬು ಗಂಟಾಯಿತು. ಅಂಚಿನುದ್ದಕ್ಕೂ ನೀಲಿ ಗೆರೆ. ಕಲ್ಲು ಅತಿಯಾಗಿ ತಿರುಗಿದರೆ ಉಕ್ಕು ಕಾಯುತ್ತದೆ, ಕಾದ ಉಕ್ಕು ನೀಲಿಗಟ್ಟುತ್ತದೆ, ನೀಲಿಗಟ್ಟಿದ ಅಂಚು ಮೆತ್ತಗಾಗಿ ನಾಳೆ ನಾಡಿದ್ದರಲ್ಲಿ ಮೊಂಡಾಗುತ್ತದೆ. ಎಂಜಿನ್ ಕೆಡುವ ಮುಂಚೆಯೂ ಹೀಗೆ ಒಂದೊಂದು ಬರುತ್ತಿತ್ತು. ಎಂಜಿನ್ ಸರಿಯಿಲ್ಲ, ಒಂದೇ ಸಮ ಓಡುತ್ತಿಲ್ಲ ಎಂದು ಅವನು ಹೇಳಿದ್ದ, ಅವಳು ನಂಬಿದ್ದಳು. ಈಗಲೂ ಅದನ್ನೇ ಹೇಳಿದ. ಹೊಸ ಪಿಸ್ಟನ್ ಇನ್ನೂ ಕೂತಿಲ್ಲ ಅಂದ.

ಒಂದು ಸಂಜೆ ಮಗಳು ಬಟ್ಟೆಯಲ್ಲಿ ಸುತ್ತಿದ ಒಂದು ಭಾರದ ಕತ್ತರಿಯನ್ನು ತಂದು ಅಮ್ಮನ ಮುಂದಿಟ್ಟಳು. ಅವಳ ಅಂಗಡಿಯ ಮಾಸ್ಟರರದು. ಅವರು ತಮ್ಮ ಗುರುಗಳಿಂದ ಪಡೆದದ್ದು, ಬೇರೆ ಯಾರ ಕೈಗೂ ಕೊಡದೆ ವರ್ಷಗಟ್ಟಲೆ ಅಪ್ಪನ ಕೈಗೇ ಸಾಣೆಗೆ ಕೊಡುತ್ತಿದ್ದದ್ದು. ಅದರ ಅಂಚು ಹಿಡಿಯವರೆಗೂ ನೀಲಿ.

"ಮಾಸ್ಟರ್ ಏನಂದ್ರು?"

"ಏನೂ ಅನ್ನಲಿಲ್ಲ. ತಂದು ನನ್ನ ಮಷೀನಿನ ಮೇಲಿಟ್ಟು ಹೋದರು. ಬೈದಿದ್ದರೆ ಚೆನ್ನಾಗಿತ್ತಮ್ಮ."

ಅಮ್ಮ ಆ ಕತ್ತರಿಯನ್ನು ವಾರವಿಡೀ ಕೈಕಲ್ಲಿನ ಮೇಲೆ ಉಜ್ಜಿ, ನೀಲಿ ಹೋಗುವಷ್ಟು ಅಂಚನ್ನು ಸವೆಸಿ, ಬದುಕಿಸಿ ಕೊಟ್ಟಳು. ಅದಕ್ಕೆ ಮೊದಲಿನ ಅಗಲ ಉಳಿಯಲಿಲ್ಲ. ಮಾಸ್ಟರ್ ತಗೊಂಡರು, ಆದರೆ ಇನ್ನೊಂದು ಸಲ ಕೊಡುತ್ತೇನೆ ಅನ್ನಲಿಲ್ಲ. ಮಾಸ್ಟರ್ ಕೊಡದಿದ್ದರೆ ಆ ಬೀದಿಯಲ್ಲಿ ಬೇರೆ ಯಾರೂ ಕೊಡುವುದಿಲ್ಲ. ಆ ಬೀದಿ ಹೋದರೆ ಗಂಡ ಮಾಂಸದಂಗಡಿಯ ಮಚ್ಚು ಮಸೆಯುತ್ತ ಉಳಿದ ಕಾಲ ಕಳೆಯಬೇಕು. ಅದೂ ಎಂಜಿನ್ ಇದ್ದರೆ.

ಎಂಜಿನ್ ಇರಲಿಲ್ಲ. ಬೋರ್ ಮಾಡಿಸಿದ್ದರ ವಾಸನೆ ಹೋಗುವ ಮುಂಚೆಯೇ ಮಾಂಸದಂಗಡಿಗಳ ಸಾಲಿನಲ್ಲಿ ಹೊಗೆ ಕಾರಿ ಪಿಸ್ಟನ್ ಮತ್ತೆ ಹಿಡಿದುಕೊಂಡಿತು. ಈ ಸಲ ಗ್ರೀಸಣ್ಣ ದಾರಿ ಒಂದೇ ಅಂದ.

ಆವತ್ತಿನ ಊಟ ಊಟವಾಗಲಿಲ್ಲ. ಮಗಳು ಒಳಗಿನಿಂದ ತನ್ನ ಹಣದ ಡಬ್ಬಿ ತಂದು ಅನ್ನದ ಪಾತ್ರೆಯ ಪಕ್ಕ ಇಟ್ಟಳು. ತಗೊಳ್ಳಿ, ಮಷೀನು ಎಲ್ಲಿಗೂ ಓಡಿಹೋಗುವುದಿಲ್ಲ ಅಂದಳು. ಅಮ್ಮ ಬೇಡವೆಂದರೆ ಜಗಳ, ಬೇಕೆಂದರೆ ನಾಚಿಕೆ. ಅಮ್ಮ ಅತ್ತಳು, ಮುಚ್ಚಿಡಲೂ ಹೋಗಲಿಲ್ಲ.

"ಹೊಸದು ತಂದರೂ ಅಷ್ಟೇ," ಅಂದಳು ಅತ್ತೆ.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿಗೆ ಬಂದಿದ್ದು ಆಡಬೇಡಿ. ಕೊಡೋ ಕೈಗಾದರೂ ಮರ್ಯಾದೆ ಬೇಡವಾ?"

ಅವನು ಡಬ್ಬಿಯನ್ನೂ ಮಗಳನ್ನೂ ನೋಡಿದ. ಮುಟ್ಟಲಿಲ್ಲ. ಎದ್ದು ಕೈ ತೊಳೆಯಲು ಹೋದ. ಡಬ್ಬಿಯನ್ನು ಮರುದಿನ ಗ್ಯಾರೇಜಿಗೆ ಹೊತ್ತದ್ದು ಹೆಂಡತಿಯೇ.

ಎಂಜಿನ್ ಕೂರಿಸಿಕೊಂಡು ಬೈಕು ಬಂತು. ಹೊಸ ಜಾಗಕ್ಕೆ ಹೊಂದಿಕೊಳ್ಳುವವರೆಗೆ ಮೆಲ್ಲಗೆ ಓಡಿಸಿ ಎಂದು ಗ್ರೀಸಣ್ಣ ಮತ್ತೆ ಮತ್ತೆ ಹೇಳಿ ಕಳಿಸಿದ್ದ. ಬೆಳಿಗ್ಗೆ ಅವನು ಬೀದಿಗೆ ಹೊರಡುವ ಮೊದಲು ಕಲ್ಲು ನೋಡೋಣವೆಂದು ಅಂಗಳದಲ್ಲೇ ಸ್ಟ್ಯಾಂಡ್ ಹಾಕಿದ. ಅವಳು ಬಟ್ಟೆ ಒಣಹಾಕುತ್ತಿದ್ದಳು. ಮಗಳು ಕೆಲಸಕ್ಕೆ ಹೋಗಿಯಾಗಿತ್ತು.

ಒಂದೇ ಒದೆತಕ್ಕೆ ಎಂಜಿನ್ ಎದ್ದಿತು. ಎಷ್ಟು ಹಿತವಾದ ಸದ್ದು ಎಂದು ಅವಳು ಒಂದು ಗಳಿಗೆ ಒದ್ದೆ ಬಟ್ಟೆ ಹಿಡಿದು ನಿಂತುಬಿಟ್ಟಳು. ತಿಂಗಳುಗಳ ಮೇಲೆ ಎದೆ ಹಗುರಾಯಿತು. ಅವನು ತಲೆ ಒಂದು ಕಡೆ ವಾಲಿಸಿ ಆಕ್ಸಿಲರೇಟರ್ ತಿರುಗಿಸಿದ. ಹದಕ್ಕೆ ಬಂತು, ಗುಂಯ್ ಅಂದಿತು. ಸಾಕು ಎಂದು ಅವಳಿಗೇ ಅನ್ನಿಸಿತು. ಅವನು ಇನ್ನಷ್ಟು ತಿರುಗಿಸಿದ. ಮತ್ತೂ ತಿರುಗಿಸಿದ. ಬೆಲ್ಟು ಕಿರುಚತೊಡಗಿತು, ಕಲ್ಲು ಕಾಣದ ಹಾಗೆ ತಿರುಗಿತು, ಒಲೆಯ ಮೇಲಿನ ಮುಚ್ಚಳ ಗಡಗಡ ನಡುಗಿತು, ಎದುರುಮನೆಯವರು ಕಿಟಕಿ ಎಳೆದುಕೊಂಡರು. ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಅವನು ಮಾತ್ರ ತಲೆ ವಾಲಿಸಿಕೊಂಡೇ ಇದ್ದ, ದೂರದಿಂದ ಬರುವ ಯಾರನ್ನೋ ಕಾಯುವವನ ಹಾಗೆ. ಕೊನೆಗೆ ಅವನ ಮುಖ ಸಡಿಲಾಯಿತು. ಸಂತೋಷದಿಂದ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿದ.

"ಈಗ ಬಂತು ನೋಡೇ ದನಿ," ಅಂದ.

ಅವಳು ಓಡಿಹೋಗಿ ಪಟ್ಟಿ ಕಿತ್ತು, ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಅವನು ಬೆಚ್ಚಿ ಅವಳನ್ನು ನೋಡಿದ. ಅವಳು ಒಳಗೆ ಬಂದು ಅತ್ತೆಯ ಮುಂದೆ ನೆಲದ ಮೇಲೆ ಕೂತಳು.

ಅತ್ತೆ ಅಕ್ಕಿ ಆರಿಸುತ್ತಿದ್ದಳು. ಸೊಸೆಯ ಮುಖ ನೋಡಿ ಮೊರ ಪಕ್ಕಕ್ಕಿಟ್ಟಳು.

"ಗೊತ್ತಾಯ್ತಾ?" ಅಂದಳು.

"ನಿಮಗೆ ಯಾವಾಗಿಂದ ಗೊತ್ತು?"

"ಎರಡು ವರ್ಷ ಆಯ್ತೇನೋ. ನಮ್ಮ ಮಗ್ಗದ ಹೆಂಗಸರಲ್ಲಿ ಅರ್ಧ ಜನಕ್ಕೆ ಹಿಂಗೇ ಹೋಯ್ತು. ಮೊದಲು ಹೂಂ ಅನ್ನೋದು ಶುರುವಾಗುತ್ತೆ. ಆಮೇಲೆ ಗೋಡೆ ನೋಡೋದು." ಅತ್ತೆ ತನ್ನ ಕೈಗಳನ್ನು ನೋಡಿಕೊಂಡಳು. "ಒಂದು ಸಲ ಕೇಳಿದೆ. ಮೈಮೇಲೆ ಬಂದ. ಇನ್ನೊಂದು ಸಲ ಕೇಳೋ ಧೈರ್ಯ ಬರಲಿಲ್ಲ ಕಣೇ. ಕೆಪ್ಪನ ಕೈಗೆ ಕತ್ತರಿ ಯಾರು ಕೊಡ್ತಾರೆ?"

ಅತ್ತೆಯ ಮೇಲೆ ಸಿಟ್ಟು ಬರಬೇಕಿತ್ತು, ಮಗಳ ಡಬ್ಬಿ ನೆನೆಸಿಕೊಂಡರೆ ಬಂತು ಕೂಡ. ಆದರೆ ಅದಕ್ಕಿಂತ ಜೋರಾಗಿ ಬಂದದ್ದು ಬೇರೆ. ತಾನು ಈ ಎರಡು ವರ್ಷ ಕುಕ್ಕಿದ ತಟ್ಟೆಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಅವನು ಅಮ್ಮನ ಮಾತಿಗೆ ಎದ್ದು ಹೋಗುತ್ತಿದ್ದದ್ದು ಅಮ್ಮನ ಮೇಲಿನ ಪ್ರೀತಿಗಲ್ಲ. ಈ ಮನೆಯಲ್ಲಿ ಅವನಿಗೆ ಕೇಳಿಸುತ್ತಿದ್ದದ್ದು ಅದೊಂದೇ ಗಂಟಲು. ಅವಳು ಗೋಡೆಗೆ ತಲೆ ಆನಿಸಿ ಕೂತಳು.

ಅವನು ಬಾಗಿಲಲ್ಲಿ ನಿಂತಿದ್ದ. ಅವರಿಬ್ಬರ ಬಾಯಿ ನೋಡಿಯೇ ಅವನಿಗೆ ವಿಷಯ ತಿಳಿದಂತಿತ್ತು. ಬಂದು ಅವರ ಎದುರು ಕೂತು, ಅಕ್ಕಿಯಲ್ಲಿ ಬೆರಳಾಡಿಸಿದ.

"ನಂಗೆ ನಿಜವಾಗ್ಲೂ ಎಂಜಿನ್ನೇ ಅಂತ ಅನ್ನಿಸ್ತಿತ್ತು," ಅಂದ. "ದಿನಾ ಸ್ವಲ್ಪ ಸ್ವಲ್ಪ ಅದರ ಸದ್ದು ಕಮ್ಮಿಯಾಗ್ತಿತ್ತು. ಆಮೇಲೆ ನಿಮ್ಮೆಲ್ಲರ ಸದ್ದೂ ಕಮ್ಮಿಯಾಯ್ತು. ಆದರೂ ಎಂಜಿನ್ ಅಂತಲೇ ಅಂದ್ಕೊಂಡೆ. ಅದು ಕೆಟ್ಟು ನಿಂತಾಗ ನಂಗೆ ಸಮಾಧಾನ ಆಯ್ತು ಕಣೇ. ನೋಡು, ಕೆಟ್ಟಿರೋದು ನಾನಲ್ಲ ಅಂತ."

ಅವಳು ಏನೋ ಹೇಳಿದಳು. ಅವನು ಅವಳ ಬಾಯನ್ನೇ ನೋಡಿದ, ಗೊತ್ತಾಗಲಿಲ್ಲವೆಂದು ತಲೆಯಾಡಿಸಿದ. ಅವಳು ಜರುಗಿ ಅವನ ಕಿವಿಯ ಪಕ್ಕ ಬಾಯಿ ತಂದು ಮತ್ತೆ ಹೇಳಬೇಕಾಯಿತು. ಹೇಳಿದ್ದು ದೊಡ್ಡ ಮಾತೇನಲ್ಲ. ಇವತ್ತು ಬೀದಿಗೆ ಹೋಗಬೇಡಿ, ಸಂಜೆ ಮಗಳು ಬರಲಿ ಅಂದಳು.

ಮಗಳು ಬಂದು ಎಲ್ಲ ಕೇಳಿದಳು. ಕಿವಿಯ ಡಾಕ್ಟರನ್ನು ಕಾಣೋಣ ಅಂದಳು. ಕಾಣಬೇಕು, ಆದರೆ ಡಬ್ಬಿ ಖಾಲಿಯಾಗಿತ್ತು, ಅದನ್ನು ಮತ್ತೆ ತುಂಬಿಸಬೇಕಾದದ್ದು ಇದೇ ಎಂಜಿನ್. ಹಾಗಾದರೆ ಈ ಎಂಜಿನ್ನೂ ಸುಟ್ಟುಹೋಗದ ಹಾಗೆ ಮಾಡುವುದೊಂದೇ ಉಳಿದ ದಾರಿ. ಅಮ್ಮ ಜೊತೆಗೆ ಹೋಗಲಿ, ಆಕ್ಸಿಲರೇಟರ್ ಅಮ್ಮನ ಕೈಯಲ್ಲಿರಲಿ ಅಂದಳು. ಅಡುಗೆ ಯಾರು ಮಾಡುವುದು ಎಂದು ಅಮ್ಮ ಕೇಳಿದಳು. ನಾನಿಲ್ಲವಾ ಎಂದು ಅತ್ತೆ ಗುಡುಗಿದಳು. ಆ ಮಾತಿಗೆ ಮಾತ್ರ ಅವನು ತಲೆಯೆತ್ತಿದ, ಮಗಳಿಗೆ ನಗು ಬಂತು.

ಅವನಿಗೆ ಇದನ್ನೆಲ್ಲ ಕೂಗಿ ತಿಳಿಸಿದಾಗ ಒಂದೇ ಮಾತು ಕೇಳಿಕೊಂಡ. ಬರಲಿ, ಆದರೆ ಸಹಾಯಕ್ಕೆ ಬಂದವಳು ಅಂತ ಇರಲಿ. ಬೀದಿಯಲ್ಲಿ ಯಾರಿಗೂ ಕಿವಿಯ ಸಂಗತಿ ಗೊತ್ತಾಗಬಾರದು.

ಹಾಗೆ ಅವಳು ಗಂಡನ ಬೆನ್ನಿಗೂ ಕಲ್ಲಿಗೂ ನಡುವೆ ಸಿಕ್ಕ ಜಾಗದಲ್ಲಿ ಹಿಂದೆ ಕೂತು ಬೀದಿಗೆ ಹೊರಡತೊಡಗಿದಳು. ಹಗಲೆಲ್ಲ ಬಿಸಿಲಲ್ಲಿ ಬೈಕಿನ ಪಕ್ಕ ನಿಲ್ಲುವುದು, ಆಕ್ಸಿಲರೇಟರ್ ಹದಕ್ಕೆ ತರುವುದು, ಕಲ್ಲಿನ ಸದ್ದು ಏರಿದರೆ ಅವನ ಬೆನ್ನಿಗೆ ಎರಡು ಬೆರಳು ಒತ್ತುವುದು, ಅವನು ಅಲಗು ಒತ್ತಿದ ಕೈ ಸಡಿಲಿಸುವುದು. ನೋಡುವವರಿಗೆ ಏನೂ ತಿಳಿಯುತ್ತಿರಲಿಲ್ಲ. ಮುದುಕರಾಗುವ ಹೊತ್ತಿಗೆ ಸರಸ ಹೆಚ್ಚಾಗಿದೆ ಎಂದು ಮಾಂಸದಂಗಡಿಯವನು ಕಿಚಾಯಿಸಿದ. ಗಂಡನಿಗೆ ಕೇಳಿಸಲಿಲ್ಲ, ಇವಳು ಆಕ್ಸಿಲರೇಟರಿನಿಂದ ಕಣ್ಣೆತ್ತಲಿಲ್ಲ. ಮಚ್ಚಿನ ಅಂಚುಗಳು ಬೆಳ್ಳಗೆ ಬಂದವು. ಮನೆಗೆ ಬಂದು ಸಂಜೆಯ ಕೈಕಲ್ಲಿನ ಕೆಲಸ ತಪ್ಪಿದ್ದಲ್ಲ. ಅತ್ತೆಯ ಅಡುಗೆಯಲ್ಲಿ ಉಪ್ಪು ಒಂದು ದಿನ ಇದ್ದರೆ ಇನ್ನೊಂದು ದಿನ ಇರುತ್ತಿರಲಿಲ್ಲ. ಎಲ್ಲರೂ ಉಂಡು ಮಲಗುತ್ತಿದ್ದರು.

ದರ್ಜಿಗಳ ಬೀದಿಗೆ ಹೋಗುವುದನ್ನು ಅವನು ಮುಂದೂಡುತ್ತ ಬಂದಿದ್ದ. ಕೊನೆಗೊಂದು ದಿನ ತಾನೇ ಬೈಕನ್ನು ಆ ಕಡೆ ತಿರುಗಿಸಿ, ಮಾಸ್ಟರರ ಅಂಗಡಿಯೆದುರು ಸ್ಟ್ಯಾಂಡ್ ಹಾಕಿದ. ಒಳಗೆ ಮಗಳ ಮಷೀನಿನ ಸದ್ದು ನಿಂತಿತು. ಅಕ್ಕಪಕ್ಕದ ದರ್ಜಿಗಳು ಇಣುಕಿದರು. ಮಾಸ್ಟರ್ ಕೊರಳಿಗೆ ಟೇಪು ಹಾಕಿಕೊಂಡೇ ಹೊರಗೆ ಬಂದರು, ಕತ್ತರಿ ಕೈಯಲ್ಲೇ ಇತ್ತು.

ಮಾಸ್ಟರ್ ಮೆಲ್ಲಗೆ ಮಾತಾಡುವ ಮನುಷ್ಯ. ಕತ್ತರಿಯನ್ನೇ ನೋಡುತ್ತ, ತಲೆ ತಗ್ಗಿಸಿಕೊಂಡು, ಇದನ್ನು ಹೀಗೆ ಸುಟ್ಟಿರಲ್ಲ, ನನ್ನ ಗುರುಗಳ ಕತ್ತರಿ ಎಂದು ಗೊತ್ತಿರಲಿಲ್ಲವೇ, ಇನ್ನು ನಿಮ್ಮ ಕೈಗೆ ಹೇಗೆ ಕೊಡಲಿ ಎಂದು ಕೇಳಿದರು.

"ಹೂಂ," ಅಂದು ಅವನು ಕತ್ತರಿಗೆ ಅಂಗೈ ಚಾಚಿದ.

ಮಾಸ್ಟರರ ಮುಖ ಬಿಗಿಯಿತು. ಕತ್ತರಿ ಹಿಡಿದ ಕೈಯನ್ನು ಹಿಂದಕ್ಕೆ ತಗೊಂಡರು. ಅವಳು ನಡುವೆ ಬಂದು ಏನಾದರೂ ಹೇಳಬೇಕೆಂದು ಬಾಯಿ ತೆರೆದಳು, ಕೊಟ್ಟ ಮಾತು ನೆನಪಾಗಿ ಮುಚ್ಚಿದಳು. ಅವನು ಮಾಸ್ಟರರ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಬಾಗಿಲಿಗೆ ಬಂದು ನಿಂತಿದ್ದ ಮಗಳ ಮುಖ ನೋಡಿದ. ತಾನು ಹೂಂ ಅನ್ನಬಾರದಾಗಿದ್ದ ಮಾತಿಗೆ ಹೂಂ ಅಂದೆ ಎಂದು ಅವನಿಗೆ ಹೊಳೆಯಿತು.

"ಮಾಸ್ಟ್ರೇ," ಅಂದ. ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯದೆ ಅಂದದ್ದು, ಬೀದಿಗೆಲ್ಲ ಕೇಳಿಸಿತು. "ನಂಗೆ ಕಿವಿ ಹೋಗಿದೆ. ನೀವೇನಂದ್ರೋ ಕೇಳಿಸಲಿಲ್ಲ. ನಿಮ್ಮ ಕತ್ತರಿ ಸುಟ್ಟಿದ್ದು ಎಂಜಿನ್ನಲ್ಲ, ನಾನು."

ಅವಳಿಗೆ ಅವನ ಪಕ್ಕ ನಿಲ್ಲಲೂ ಆಗಲಿಲ್ಲ, ದೂರ ಹೋಗಲೂ ಆಗಲಿಲ್ಲ. ಮಾಸ್ಟರರ ಬಿಗಿದ ಮುಖ ಇಳಿಯಿತು. ಪಾಪ ಎಂದುಕೊಂಡಿರಬೇಕು. ಅವನನ್ನು ದಾಟಿ ಇವಳ ಬಳಿಗೆ ಬಂದು ಕತ್ತರಿಯನ್ನು ಇವಳ ಕೈಯಲ್ಲಿಟ್ಟರು. "ಇನ್ಮೇಲೆ ನಿಮಗೇ ಕೊಡ್ತೀನಮ್ಮ. ಅವರಿಗೆ ಸುಮ್ಮನೆ ಯಾಕೆ ತೊಂದರೆ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

ಗಂಡ ಅಂಗೈ ಚಾಚಿಕೊಂಡು ನಿಂತೇ ಇದ್ದ. ಆ ಖಾಲಿ ಕೈಯನ್ನು ನೋಡಿದ್ದೇ ಅವಳಿಗೆ ತಡೆಯಲಾಗಲಿಲ್ಲ.

"ಸಾಣೆ ಹಿಡಿಯೋರು ಅವರು ಮಾಸ್ಟ್ರೇ," ಅವಳು ಕೂಗಿದಳು. ಅಷ್ಟು ಜೋರಾಗಿ ಅವಳು ಹುಟ್ಟಿದಾಗಿನಿಂದ ಮಾತಾಡಿರಲಿಲ್ಲ. "ನಾನಲ್ಲ. ಕೊಡೋದಾದರೆ ಅವರ ಕೈಗೆ ಕೊಡಿ. ಇಲ್ಲಾಂದ್ರೆ ಬೇಡ."

ಕತ್ತರಿಯನ್ನು ಮಾಸ್ಟರರಿಗೆ ವಾಪಸು ಹಿಡಿದಳು. ಮಾಸ್ಟರ್ ಅದನ್ನು ತಗೊಂಡು, ಗಂಡನ ಕಡೆ ತಿರುಗಿ, ಹಿಡಿಯ ಕಡೆಯಿಂದ ಅವನ ಅಂಗೈಗೆ ಇಟ್ಟರು.

ಅವನು ಕತ್ತರಿಯನ್ನು ಬಿಡಿಸಿ ಬೆಳಕಿಗೆ ಹಿಡಿದು, ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದ. ಸ್ಟೂಲು ಎಳೆದುಕೊಂಡು ಕಲ್ಲಿನ ಮುಂದೆ ಕೂತ. ಆಮೇಲೆ, ಇಷ್ಟು ವರ್ಷ ಯಾರಿಗೂ ಮುಟ್ಟಗೊಡದ ಕಿಕ್ಕರಿನ ಕಡೆ ಗಲ್ಲದಿಂದ ತೋರಿಸಿ ಹೆಂಡತಿಗೆ ಹೇಳಿದ:

"ಸ್ಟಾರ್ಟ್ ಮಾಡು."